ಗುರುವಿನ ಹೆಸರು ಹಿಡಿಸದ ಜಾಗ

ನಮ್ಮಪ್ಪನ ಅಕ್ಕ ಮಸ್ಕಿಯಲ್ಲಿ ನಮ್ಮ ಜೊತೆಗೇ ಇದ್ದಾಳೆ. ತತ್ವಪದ ಹಾಡಲು ಕೂತರೆ ಊಟದ ಹೊತ್ತು ಮೀರಿದ್ದೂ ಗೊತ್ತಾಗುತ್ತಿರಲಿಲ್ಲ. ಗಂಟಲಲ್ಲಿ ಗಂಟು ಕಂಡಾಗ ಡಾಕ್ಟರು, ಆಪರೇಷನ್ ಆಗಬೇಕು, ಆಮೇಲೆ ದನಿ ಹೇಗಿರುತ್ತದೋ ಹೇಳಲಾರೆ ಎಂದರು. ಅದಕ್ಕೇ ಅವಳ ಪದಗಳನ್ನೆಲ್ಲ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿದೆ. ಕಿರಾಣಿ ಚೀಟಿಯ ತಲೆಯ ಮೇಲೂ ಗುರುವಿನ ಹೆಸರು ಬರೆಸುವವಳು ಆಕೆ. ಪ್ರತಿ ಪದದ ಹೆಸರಿನ ಮುಂದೆ ‘ಓಂ ಶ್ರೀ ಗುರುಬಸವಲಿಂಗಾಯ ನಮಃ’ ಎಂದು ಪೂರ್ತಿ ಟೈಪ್ ಮಾಡಿಸಿದಳು. ಎಲ್ಲ ಮುಗಿದ ಮೇಲೆ ಡಾಕ್ಟರು, ಇನ್ನು ಮಾತೂ ಬೇಡ ಎಂದರು.

ಮರುದಿನ ಪದಗಳೆಲ್ಲ ಇದ್ದ ಆ ಒಂದೇ ಫೈಲು ತೆರೆದರೆ ರೆಕಾರ್ಡಿಂಗ್ ಸಾಫ್ಟ್‌ವೇರ್ ತಾನಾಗಿ ಮುಚ್ಚಿಕೊಂಡಿತು. ಮತ್ತೆ ತೆರೆದೆ, ಮತ್ತೆ ಮುಚ್ಚಿಕೊಂಡಿತು. ಬೇರೆ ಪ್ರತಿ ಇರಲಿಲ್ಲ, ಹಾಡುವವಳು ಬಾಯಿ ತೆರೆಯುವಂತಿರಲಿಲ್ಲ.

ಕಂಪ್ಯೂಟರಿನ ಪೆಟ್ಟಿಗೆಯನ್ನು ಸಿಂಧನೂರಿನ ರಿಪೇರಿ ಅಂಗಡಿಗೆ ಒಯ್ದೆ.

“ವೈರಸ್ ಹೊಕ್ಕೈತ್ರಿ ಸರ್. ಫಾರ್ಮ್ಯಾಟ್ ಹೊಡದ್ರ ಹೊಸಾದಾಗ್ತೈತಿ” ಎಂದ ಅಂಗಡಿಯವನು.

“ಒಳಗಿಂದು?”

“ಎಲ್ಲಾ ಸ್ವಚ್ಛ ಹೋಗ್ತೈತ್ರಿ.”

ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ವಾಪಸ್ ಬಸ್ ಹತ್ತಿದೆ.

ನಾನು ಲಿಂಗಸುಗೂರಿನ ಕಾಲೇಜಿನಲ್ಲಿ ಪ್ರೋಗ್ರಾಮಿಂಗ್ ಕಲಿಸುವವನು. ಆ ಸಾಫ್ಟ್‌ವೇರಿನ ಕೋಡನ್ನು ಯಾರು ಬೇಕಾದರೂ ತೆರೆದು ನೋಡಬಹುದು, ತಿದ್ದಬಹುದು. ನೋಡಿದೆ. ಒಮ್ಮೆ ಪರದೆಯ ಮೇಲೆ ದನಿಯ ಗೆರೆ ಬಿಡಿಸುವಲ್ಲಿ ಸಾಯುತ್ತಿತ್ತು, ಒಮ್ಮೆ ಸುಮ್ಮನೆ ಕೂತಲ್ಲಿ. ಆ ಜಾಗಗಳಲ್ಲಿ ಒಂದು ತಪ್ಪೂ ಇರಲಿಲ್ಲ. ಆ ಕೋಡ್ ಬರೆದವರನ್ನೆಲ್ಲ ಮನಸಾರೆ ಬೈದೆ. ಕೊನೆಗೆ ಮೆಮೊರಿಯನ್ನು ಕಾಯುವ ಇನ್ನೊಂದು ಪ್ರೋಗ್ರಾಮನ್ನು ಬೆನ್ನಿಗೆ ಹಚ್ಚಿದಾಗ ಸಿಕ್ಕಿತು. ಪದದ ಹೆಸರು ಓದಿಕೊಳ್ಳುವಲ್ಲಿ ಅಕ್ಷರ ಎಣಿಸಿ ಜಾಗ ಕೊಟ್ಟಿದ್ದರು, ಅಕ್ಷರಕ್ಕೆ ಮೆಮೊರಿಯಲ್ಲಿ ಒಂದೇ ಮನೆ. ಇಂಗ್ಲಿಷಿಗೆ ಅಷ್ಟು ಸಾಕು, ಕನ್ನಡಕ್ಕೆ ಮೂರಾದರೂ ಬೇಕು. ಅತ್ತೆಯ ಗುರು ಒಡ್ಡು ದಾಟಿ ಪಕ್ಕದವರ ಗದ್ದೆಗೆ ನುಗ್ಗಿದ್ದ. ಬೆಳೆ ಕೊಳೆತದ್ದು ಅದರಾಚೆಯ ಗದ್ದೆಯಲ್ಲಿ; ತಪ್ಪು ಒಂದು ಕಡೆ, ಸಾಯುವುದು ಇನ್ನೊಂದು ಕಡೆ.

ಜಾಗ ದೊಡ್ಡದು ಮಾಡಿದೆ. ಫೈಲು ತೆರೆಯಿತು. ಪದಗಳೆಲ್ಲ ಇದ್ದವು. ನನಗೆ ಅಳುವೇ ಬಂತು. ಅತ್ತೆ ಬಟ್ಟಲಿನ ಚಹಾ ಮುಗಿಸಿ ನನ್ನನ್ನೊಮ್ಮೆ ನೋಡಿದಳು.

ತಿದ್ದಿದ್ದನ್ನು ಆ ಸಾಫ್ಟ್‌ವೇರ್ ನೋಡಿಕೊಳ್ಳುವವರಿಗೆ ಕಳಿಸಿದೆ. ಯಾವ ದೇಶದವರೋ ಏನೋ. ಉದ್ದ ಹೆಸರನ್ನು ಅರ್ಧಕ್ಕೆ ಕತ್ತರಿಸಿದರೆ ಸಾಲದೇ ಎಂದು ಕೇಳಿದರು. ಅದನ್ನು ಅತ್ತೆಗೆ ಓದಿ ಹೇಳಿದೆ.

“ಗುರುವಿನ ಹೆಸರು ಅರ್ಧಕ್ಕ ಕಡೀತಾರಂತೇನಲೇ? ಅವರ ಹೆಸರು ಕಡಕೊಳ್ಳಾಕ ಹೇಳು.”

ಡಾಕ್ಟರು ಹೇಳಿದ ಮೌನ ಅಲ್ಲಿಗೆ ಮುಗಿಯಿತು. ಮನೆಯ ಹಿರಿಯರ ಒಪ್ಪಿಗೆ ಇಲ್ಲ ಎಂದು ಬರೆದೆ. ಅವರು ಮರುಮಾತಿಲ್ಲದೆ ನನ್ನ ತಿದ್ದುಪಡಿಯನ್ನೇ ಸೇರಿಸಿಕೊಂಡರು.

ಆಪರೇಷನ್ ಆಯಿತು. ಅತ್ತೆ ಉಳಿದಳು, ದನಿ ಬರೀ ಉಸಿರಾಯಿತು. ಒಂದು ಮಧ್ಯಾಹ್ನ ತನ್ನ ಪದಗಳನ್ನು ಹಚ್ಚಿಸಿಕೊಂಡು ಕೇಳುತ್ತಿದ್ದವಳು ಒಂದು ಕಡೆ ಕೈ ಎತ್ತಿ ನಿಲ್ಲಿಸಿದಳು.

“ಇಲ್ಲಿ ಸ್ವರ ಜಾರೈತಿ. ಇದನ್ನ ಅಳಿಸಿಬಿಡು. ಗಂಟಲ ನೆಟ್ಟಗಾದ ಮ್ಯಾಲ ಮತ್ತ ಹಾಡ್ತೀನಿ.”

“ಆತು ಅತ್ತಿ” ಅಂದೆ.

ಹಳೆಯ ದನಿ ಇನ್ನು ಬರುವುದಿಲ್ಲವೆಂದು ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಯೇ ಹೇಳಿದ್ದರು. ನಾನು ಅಳಿಸಲಿಲ್ಲ. ಅಳಿಸಿದೆಯಾ ಎಂದು ಅವಳೂ ಕೇಳಲಿಲ್ಲ.