ಕೀಲೆಣ್ಣೆ ತಾತ

ನಮ್ಮ ಚರ್ಚಿನ ಕಾವಲುಗಾರ ಕೀಲೆಣ್ಣೆ ತಾತನಿಗೆ ಕಿರುಗುಟ್ಟುವ ವಸ್ತು ಯಾವುದನ್ನು ಕಂಡರೂ ಆಗದು. ಬೆಂಚು, ಕಿಟಕಿ, ಗಂಟೆಯ ರಾಟೆ ಹಾಗಿರಲಿ, ಪಾದ್ರಿಗಳ ಬೂಟು ಸದ್ದು ಮಾಡಿದರೂ ಎಣ್ಣೆ ಡಬ್ಬಿ ಹಿಡಿದು ಬೆನ್ನುಹತ್ತುತ್ತಾನೆ. ದೊಡ್ಡ ಬಾಗಿಲ ಕೀಲುಗಳಿಗಂತೂ ಪ್ರತಿ ಶನಿವಾರ ಕೂಸಿಗೆ ಹಚ್ಚಿದಂತೆ ಎಣ್ಣೆ ಹಚ್ಚುತ್ತಾನೆ. “ತಾತ, ಎಷ್ಟು ತಿಕ್ಕಿದ್ರೂ ಕೆಲಸದಿಂದ ಸ್ವರ್ಗ ಸಿಗಲ್ಲ, ಅದು ದೇವರ ಕೃಪೆ” ಎಂದು ಪಾದ್ರಿಗಳು ನಕ್ಕರೆ, “ಗೊತ್ತು ಫಾದರ್. ಆ ಬಾಗಿಲು ದೇವರೇ ತೆಗೀತಾನೆ. ಇದನ್ನ ನನಗೆ ಬಿಟ್ಟಿದಾನೆ” ಎನ್ನುತ್ತಾನೆ. ಜೈಲಿನಿಂದ ಬಿಡುಗಡೆಯಾದ ಮೊದಲ ಭಾನುವಾರ ಅವನು ತಡವಾಗಿ ಬಂದು ಇದೇ ಬಾಗಿಲು ತಳ್ಳಿದ್ದನಂತೆ. ಬಾಗಿಲು ಅರಚಿತು, ಇಡೀ ಸಭೆ ತಿರುಗಿ ನೋಡಿತು, ಅವನು ಹೊಸ್ತಿಲಿನಿಂದಲೇ ಹಿಂದಿರುಗಿದ. ಮತ್ತೆ ಬರಲು ಒಂಬತ್ತು ವರ್ಷ ಹಿಡಿಯಿತು; ಬಂದಾಗ ಕೈಯಲ್ಲಿ ಎಣ್ಣೆ ಡಬ್ಬಿಯಿತ್ತು.