ಬಹ್ರೈನಿಗೆ ಮಾತ್ರ ಕಾಣುವ ಪೋಸ್ಟ್

ಕಳೆದ ವಾರ ಲಾಂಡ್ರಿಯಿಂದ ಬಂದ ಅಂಗಿಯ ಪ್ಲಾಸ್ಟಿಕ್ ಹರಿದಾಗ ಗಂಜಿ ಮತ್ತು ಬಿಸಿ ಹಬೆ ಬೆರೆತ ವಾಸನೆ ಮೂಗಿಗೆ ಬಡಿಯಿತು. ಈಗೀಗ ಯಾರೂ ಗಂಜಿ ಹಾಕುವುದಿಲ್ಲ, ಯಾರೋ ಹಳೆಯ ಕೈಯವರೇ ಇರಬೇಕು. ಅಂಗಿ ಹಿಡಿದುಕೊಂಡೇ ಮಂಚದ ಮೇಲೆ ಕುಳಿತೆ. ಎದುರು ಫ್ಲ್ಯಾಟಿನ ಅಣ್ಣ ನೆನಪಾದರು...

ವರ್ಷಗಳ ಹಿಂದಿನ ಮಾತು. ಬಹ್ರೈನಿನ ಮಾಹೂಝ್ ಬಡಾವಣೆಯ ಇದೇ ಕಟ್ಟಡ, ಇದೇ ಮೂರನೆಯ ಮಹಡಿ. ಎದುರು ಫ್ಲ್ಯಾಟಿನಲ್ಲಿ ನಾಲ್ವರು ಸೇರಿ ಇದ್ದರು. ಅವರಲ್ಲಿ ಒಬ್ಬರು ಈ ಅಣ್ಣ, ಕರಾವಳಿಯವರು, ಮನೆಮಾತು ತುಳು, ವಯಸ್ಸು ನಲವತ್ತರ ಮೇಲೆ. ಲಾಂಡ್ರಿಯೊಂದರಲ್ಲಿ ಇಸ್ತ್ರಿ ಕೆಲಸ. ನಾನು ತುಮಕೂರಿನವನು, ಹೊಸಬ, ಒಂಟಿ. ಸಂಜೆಯಾದರೆ ಅವರು ನನ್ನ ಬಾಗಿಲು ತಟ್ಟುತ್ತಿದ್ದರು, ಕೈಯಲ್ಲಿ ನನ್ನದೇ ಅಂಗಿ, ಮಡಿಕೆ ಮುರಿಯದ ಹಾಗೆ. ನಾನು ಮಾಡಿದ ಉಪ್ಪುಪ್ಪು ಸಾರನ್ನು ತಕರಾರಿಲ್ಲದೆ ಉಣ್ಣುತ್ತಿದ್ದರು.

"ಎಂತ ಆಯ್ತು ಇವತ್ತು ಆಫೀಸಲ್ಲಿ?" ಇದು ಅವರ ಮೊದಲ ಮಾತು.

ನನ್ನ ಆಫೀಸು ಊರಿನ ಇನ್ನೊಂದು ಕಡೆ, ಸೀಫ್‌ನಲ್ಲಿತ್ತು. ಜಾಹೀರಾತಿನ ಸಣ್ಣ ಕಂಪನಿ. ಅಂಗಡಿ ಇಟ್ಟವರೆಲ್ಲ ಸೋಶಿಯಲ್ ಮೀಡಿಯಾದಲ್ಲಿ ಪೇಜ್ ತೆರೆಯುತ್ತಿದ್ದ ಕಾಲ ಅದು. ಆ ಪೇಜುಗಳಲ್ಲಿ ಜ್ಯೂಸು, ಸೋಪು, ಸೋಫಾಗಳ ಪರವಾಗಿ ಮಾತಾಡುವುದು ನನ್ನ ಹೊಟ್ಟೆಪಾಡು. ಜ್ಯೂಸಿನಲ್ಲಿ ಹುಳಿ ಹೆಚ್ಚಾಯಿತು ಎಂದು ಯಾರಾದರೂ ಬರೆದರೆ ಜ್ಯೂಸಾಗಿ ಕ್ಷಮೆ ಕೇಳಬೇಕು. ಅಣ್ಣನಿಗೆ ಇದೆಲ್ಲ ವಿವರವಾಗಿ ಬೇಕಿತ್ತು. ಮೀಟಿಂಗಿನಲ್ಲಿ ಯಾರು ಎಲ್ಲಿ ಕೂರುತ್ತಾರೆ, ಮ್ಯಾನೇಜರ್ ಮೇಡಂ ಸಿಟ್ಟಾದರೆ ಏನನ್ನುತ್ತಾರೆ, ಕ್ಲೈಂಟ್ ಒಪ್ಪದಿದ್ದರೆ ಮುಂದೇನು. ವಾರ ಬಿಟ್ಟು ನೆನಪಿಟ್ಟು ಕೇಳುತ್ತಿದ್ದರು, "ಆ ಸೋಫಾದವರು ಕಡೆಗೆ ಒಪ್ಪಿದ್ರಾ?" ನಾನು ಉಬ್ಬಿಹೋಗುತ್ತಿದ್ದೆ. ಇಡೀ ದ್ವೀಪದಲ್ಲಿ ನನ್ನ ದಿನ ಹೇಗಿತ್ತು ಎಂದು ಕೇಳುತ್ತಿದ್ದವರು ಅವರೊಬ್ಬರೇ.

ಹೀಗಿರುವಾಗ ಅವರ ಲಾಂಡ್ರಿಯೇ ನಮ್ಮ ಕ್ಲೈಂಟ್ ಆಯಿತು. 'ನಿಮ್ಮ ಅಂಗಿಯ ಹಿಂದಿರುವ ಕೈ' ಎಂದು ನೌಕರರ ಕತೆಗಳನ್ನು ಹಾಕೋಣ ಎಂದು ಸಲಹೆ ಕೊಟ್ಟವನು ನಾನೇ. ಮೊದಲ ಕತೆ ಯಾರದ್ದೆಂದು ಯೋಚಿಸುವ ಅಗತ್ಯವೇ ಬೀಳಲಿಲ್ಲ. ಹಬೆಯ ನಡುವೆ ಬನಿಯನ್ನಿನಲ್ಲಿ ನಿಂತು, ಬೆವರಿದ ಮುಖದಲ್ಲಿ ನಗುತ್ತಿದ್ದ ಅಣ್ಣನ ಫೋಟೋ ತೆಗೆದೆವು. ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕುವ ಮೊದಲು ಅವರು ಪೆನ್ನು ಹಿಡಿದುಕೊಂಡೇ ಕೇಳಿದರು.

"ಇದು ಇಲ್ಲಿಯವರಿಗೆ ಮಾತ್ರ ಕಾಣುದಲ್ವಾ?"

"ಬಹ್ರೈನಿಗೆ ಮಾತ್ರ ಅಣ್ಣ. ಟಾರ್ಗೆಟ್ ಹಾಕ್ತೀವಿ," ಎಂದೆ. ಹಾಕಿದ್ದೂ ನಿಜ. ದುಡ್ಡು ಕೊಟ್ಟು ತೋರಿಸುವ ಜಾಹೀರಾತಿಗೆ ಗಡಿ ಹಾಕಬಹುದು. ಆದರೆ ನೋಡಿದವನು ಅದನ್ನು ಹಂಚಿದರೆ ಅದಕ್ಕೆ ಯಾವ ಗಡಿಯೂ ಇಲ್ಲ. ಈ ಕಸುಬಿನ ಮೊದಲ ಪಾಠವದು, ನನಗೆ ಚೆನ್ನಾಗಿ ಗೊತ್ತಿತ್ತು. ಅವರು ಯಾಕೆ ಕೇಳುತ್ತಿದ್ದಾರೆ ಎಂದು ಮಾತ್ರ ನಾನು ಕೇಳಲಿಲ್ಲ.

ಪೋಸ್ಟ್ ಜನರಿಗೆ ಹಿಡಿಸಿಬಿಟ್ಟಿತು. ನಾವು ಅಲ್ಲಿಯವರೆಗೆ ಹಾಕಿದ್ದ ಯಾವುದೂ ಅಷ್ಟು ಓಡಿರಲಿಲ್ಲ. ಮೂರನೆಯ ದಿನ, ಬುಧವಾರ ಸಂಜೆ, ಅಣ್ಣ ಬಂದರು. ಕೈಯಲ್ಲಿ ಅಂಗಿ ಇರಲಿಲ್ಲ. ದುಬೈಯಲ್ಲಿದ್ದ ಅವರ ಊರಿನವನೊಬ್ಬ 'ನಮ್ಮೂರ ಹೆಮ್ಮೆ' ಎಂದು ಬರೆದು ಅದನ್ನು ಹಂಚಿದ್ದ.

"ಮನೆಯವರು ಇನ್ನೂ ನೋಡ್ಲಿಲ್ಲ. ನೋಡುವ ಮೊದ್ಲು ತೆಗೀಲಿಕ್ಕೆ ಆಗ್ತದಾ ಮಾರಾಯ್ರೆ?"

ಆಗ ಎಲ್ಲ ಹೇಳಿದರು. ಅವರ ಅಪ್ಪ ಊರಿನಲ್ಲಿ ಮನೆಮನೆಯ ಬಟ್ಟೆ ಒಗೆಯುತ್ತಿದ್ದರಂತೆ. ಶಾಲೆಯಲ್ಲಿ ಮಕ್ಕಳು ಇವರನ್ನು ಅದನ್ನೇ ಹೇಳಿ ಕರೆಯುತ್ತಿದ್ದರಂತೆ. ಆಫೀಸ್ ಕೆಲಸ ಎಂದು ಏಜೆಂಟನನ್ನು ನಂಬಿ ಸಮುದ್ರ ದಾಟಿ ಬಂದರೆ, ಇಲ್ಲಿ ಕೈಗೆ ಸಿಕ್ಕಿದ್ದು ಇಸ್ತ್ರಿಪೆಟ್ಟಿಗೆ. ಹೆಂಡತಿಗೆ, ಶಾಲೆಗೆ ಹೋಗುವ ಮಗಳಿಗೆ ಅದನ್ನು ಹೇಳಲು ಬಾಯಿ ಬರಲಿಲ್ಲ. ದಿನಾ ಫೋನಿನಲ್ಲಿ ಮಗಳು ಕೇಳುತ್ತಿದ್ದಳು, ಆಫೀಸಲ್ಲಿ ಏನಾಯಿತು ಅಪ್ಪ ಎಂದು. ಅವರು ಹೇಳುತ್ತಿದ್ದರು, ಆ ಸಂಜೆ ನನ್ನಿಂದ ಕೇಳಿಕೊಂಡು ಹೋದದ್ದನ್ನೇ. ನನಗೆ ನಾಚಿಕೆಯಾಯಿತು, ಸ್ವಲ್ಪ ಬೇಸರವೂ ಆಯಿತು. ಆವರೆಗೆ ಅವರು ನನಗಾಗಿಯೇ ಕೇಳುತ್ತಾರೆ ಅಂದುಕೊಂಡಿದ್ದೆ.

ಮರುದಿನ ಬೆಳಿಗ್ಗೆ ಮೇಡಂಗೆ ಹೇಳಿದೆ. "ವೀಕೆಂಡ್ ಮುಗೀಲಿ, ಭಾನುವಾರ ಕ್ಲೈಂಟಿಗೆ ರಿಪೋರ್ಟ್ ತೋರಿಸಿ ತೆಗೆಯೋಣ," ಎಂದರು. ಇಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಪೇಜಿನ ಪಾಸ್‌ವರ್ಡ್ ನನ್ನ ಜೇಬಿನ ಫೋನಿನಲ್ಲೇ ಇತ್ತು. ಒಂದು ಬೆರಳು ಸಾಕಿತ್ತು. ಪೋಸ್ಟನ್ನು ಎಷ್ಟು ಜನ ನೋಡಿದರೆಂದು ತೋರಿಸುವ ಆ ರಿಪೋರ್ಟಿನ ಮೇಲೆ ನನ್ನ ಹೆಸರಿರುತ್ತದೆ ಎನ್ನುವುದೂ ನನಗೆ ಗೊತ್ತಿತ್ತು. ಸಂಜೆ ಅಣ್ಣನಿಗೆ, "ಸಿಸ್ಟಮ್ಮಿನಿಂದ ಹೋಗೋಕೆ ಎರಡು ಮೂರು ದಿನ ಬೇಕಂತೆ," ಎಂದೆ. ಅವರು ನಂಬಿದರು.

ಶುಕ್ರವಾರ ಮಗಳು ನೋಡಿದಳು.

ಭಾನುವಾರ ಪೋಸ್ಟ್ ತೆಗೆದೆ. ಕ್ಲೈಂಟ್ ಖುಷಿಯಾಗಿದ್ದರು, ಮೇಡಂ ಎಲ್ಲರೆದುರು ನನ್ನನ್ನು ಹೊಗಳಿದರು. ಆ ಸಂಜೆ ಅಣ್ಣನ ಬಾಗಿಲಿಗೆ ನಾನೇ ಹೋದೆ. "ಯಾರೂ ಬೈಲಿಲ್ಲ," ಎಂದರು. "ಕೆಲ್ಸ ಯಾವುದಾದ್ರೆ ಎಂತ ಅಂತ ಹೇಳಿದ್ಲು ಹೆಂಡ್ತಿ. ಮಗಳು ಫೋನಿಗೆ ಬರ್ತಾಳೆ, ಊಟ ಆಯ್ತಾ ಕೇಳ್ತಾಳೆ. ಅಷ್ಟೇ. ಇನ್ನು ಅವಳ ಹತ್ರ ಹೇಳ್ಲಿಕ್ಕೆ ನನಗೆ ಎಂತ ಉಂಟು?"

ಅವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ತಿಂಗಳೊಳಗೆ ದೂರದ ಅವಾಲಿ ಊರಿನ ಬ್ರಾಂಚಿಗೆ ಕೇಳಿ ಹಾಕಿಸಿಕೊಂಡು ಹೋದರು. ಒಂದು ಶನಿವಾರ ಅಂಗಿಯ ನೆಪ ಮಾಡಿಕೊಂಡು ಅಲ್ಲಿಗೆ ಹೋದೆ. ಚಹಾ ತರಿಸಿದರು, ಅಮ್ಮನ ಆರೋಗ್ಯ ವಿಚಾರಿಸಿದರು. ಆಫೀಸಿನ ವಿಷಯ ಎತ್ತಲಿಲ್ಲ. ನಾನಾಗಿ ಹೇಳಹೊರಟೆ, ಅವರು ಗಿರಾಕಿಯ ಕಡೆ ತಿರುಗಿದರು... ಮತ್ತೆ ಹೋಗಲಿಲ್ಲ. ಕೆಲವು ವರ್ಷಗಳ ನಂತರ ಅವರು ಊರಿಗೆ ಹೋದರೆಂದು ಯಾರೋ ಹೇಳಿದರು.

ಹೋದ ವರ್ಷ ಊರಿನ ನಂಬರೊಂದರಿಂದ ಫೋನ್ ಬಂತು. ಹೆಣ್ಣುದನಿ. ನನ್ನ ಹೆಸರು ಹೇಳಿ, ನೀವೇನಾ ಎಂದು ಕೇಳಿದಳು. ಅಣ್ಣನ ಮಗಳು. ಅಪ್ಪ ತೀರಿಕೊಂಡು ತಿಂಗಳಾಯಿತು, ಅವರ ಫೋನಿನಲ್ಲಿ ಈ ನಂಬರ್ ಇತ್ತು ಎಂದಳು.

"ನಿಮ್ಮ ಹೆಸರು ತೆಗೆದು ಅಪ್ಪ ಯಾವಾಗ್ಲೂ ಹೇಳ್ತಿದ್ರು, ಆಫೀಸಲ್ಲಿ ನನ್ನ ಕೈಕೆಳಗೆ ಒಬ್ಬ ಹುಡುಗ ಇದ್ದಾನೆ, ಕೆಲಸದಲ್ಲಿ ಭಾರೀ ಚುರುಕು, ಸಾರಿಗೆ ಮಾತ್ರ ಉಪ್ಪು ಜಾಸ್ತಿ ಹಾಕ್ತಾನೆ ಅಂತ. ಆಫೀಸೇ ಇಲ್ಲ ಅಂತ ಗೊತ್ತಾದ ಮೇಲೆ ನೀವೂ ಇಲ್ಲ ಅಂತ ಅಂದ್ಕೊಂಡಿದ್ದೆ. ಅದಕ್ಕೇ ಫೋನ್ ಮಾಡಿದ್ದು."

ಇದ್ದೇನೆ ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಆ ಪೋಸ್ಟ್ ಹಾಕಿದವನು ನಾನು, ಅವರು ಬೇಡಿಕೊಂಡ ದಿನವೇ ತೆಗೆಯಬಹುದಿತ್ತು, ತೆಗೆಯಲಿಲ್ಲ ಎಂದೂ ಹೇಳಿದೆ.



"ಇದನ್ನು ಅಪ್ಪ ಹೇಳಿರ್ಲಿಲ್ಲ," ಎಂದಳು. ಆಮೇಲೆ ಫೋನ್ ಇಟ್ಟಳು.

ಮತ್ತೆ ಅವಳು ಮಾಡಲಿಲ್ಲ. ನಾನೂ ಮಾಡಿಲ್ಲ. ಎದುರು ಫ್ಲ್ಯಾಟಿಗೆ ಬೇರೆ ಯಾರೋ ಬಂದು ವರ್ಷಗಳಾದವು, ಅವರ ಹೆಸರು ನನಗೆ ಗೊತ್ತಿಲ್ಲ.