ಸುಮ್ಮನೆ ಕೂರುವ ಆಟ

ಕ್ವೆತಾ ಬಸ್ಸು ಹತ್ತಿದರೆ ಮೊದಲು ಮಾಡುವ ಕೆಲಸ ಬಸ್ಸಿನಲ್ಲಿರುವ ಮಕ್ಕಳನ್ನು ಎಣಿಸುವುದು. ಯಾರ ಮಕ್ಕಳೋ ಏನೋ, ಅವಳಿಗೆ ಬೇಕಿಲ್ಲ. ಎರಡು ನಿಲ್ದಾಣ ಕಳೆದ ಮೇಲೆ ಮತ್ತೊಮ್ಮೆ ಎಣಿಸುತ್ತಾಳೆ. ಒಂದು ಕಡಿಮೆ ಬಂತೆಂದರೆ, ಯಾವ ತಾಯಿ ಯಾವ ಮಗುವನ್ನು ಎಲ್ಲಿ ಇಳಿಸಿಕೊಂಡು ಹೋದಳೆಂದು ನೆನಪಾಗುವ ತನಕ ಅವಳಿಗೆ ಉಸಿರು ಸರಿಯಾಗಿ ಆಡುವುದಿಲ್ಲ. ನಮ್ಮ ಯೆದ್ಲಿನಾ ಊರಿನ ಜನ ಇದನ್ನು ಕಂಡೂ ಕಾಣದ ಹಾಗಿರುತ್ತಾರೆ. ನಮ್ಮೂರಿನವರು ಪಕ್ಕದ ಮನೆಯ ಕೋಳಿ ಎಷ್ಟು ಮೊಟ್ಟೆ ಇಟ್ಟಿತೆಂದೂ ಬಾಯಿ ಬಿಡುವವರು. ಈ ಒಂದು ವಿಷಯಕ್ಕೆ ಮಾತ್ರ ಬಾಯಿಗೆ ಬೀಗ ಹಾಕಿಕೊಂಡರು. ಅದನ್ನು ಒಳ್ಳೆಯತನವೆಂದೇ ತಿಳಿದಿದ್ದರು.

ಹಾಗೆಂದು ಅವಳೇನು ಹುಟ್ಟು ಅಂಜುಬುರುಕಿಯಲ್ಲ. ಪೇಟೆಯ ಶಿಶುವಿಹಾರದಲ್ಲಿ ಹದಿನೆಂಟು ವರ್ಷ ಅಡುಗೆ ಮಾಡಿದವಳು. ಸಾರಿಗೆ ಹಿಟ್ಟಿನ ಉಂಡೆ ಕಟ್ಟುತ್ತ, ಅಡುಗೆಮನೆಯ ಕಿಟಕಿಯಿಂದ ಮಕ್ಕಳನ್ನು ನೋಡುತ್ತಿದ್ದಳು. ದಿನಕ್ಕೆ ಅರ್ಧ ಗಂಟೆ, ಬೇಲಿಯೊಳಗೆ, ಮರಳಿನ ಗುಂಡಿಯಲ್ಲಿ ಆಟ. ನಾಲ್ಕು ಹನಿ ಬಿತ್ತೋ, ಎಲ್ಲರೂ ಒಳಗೆ. ಒಂದು ದಿನ ತಡೆಯಲಾರದೆ ಸೌಟು ಹಿಡಿದೇ ಮುಖ್ಯೋಪಾಧ್ಯಾಯಿನಿಯ ಕೋಣೆಗೆ ನುಗ್ಗಿದಳು.

"ಮಕ್ಕಳೇನು ಬೆಲ್ಲದಚ್ಚಾ ಮೇಡಂ, ಮಳೇಲಿ ಕರಗೋಕೆ?"

"ನಿಮ್ಮ ಕೆಲಸ ಸಾರು ಮಾಡೋದು, ಅಷ್ಟು ನೋಡ್ಕೊಳ್ಳಿ."

ನಲವತ್ತಮೂರನೆಯ ವಯಸ್ಸಿನಲ್ಲಿ ಕೆಲಸ ಬಿಟ್ಟಳು. ರಸ್ತೆ ಕೆಲಸದವರು ಮಲಗುತ್ತಿದ್ದ, ಗಾಲಿಗಳ ಮೇಲಿನ ಹಳೆಯ ಮರದ ಬಂಡಿಯೊಂದನ್ನು ಅವಳ ಗಂಡ ತಂದು ಕಾಡಿನ ಅಂಚಿನಲ್ಲಿ ನಿಲ್ಲಿಸಿ, ಒಳಗೆ ಒಲೆ ಹಾಕಿಕೊಟ್ಟ. ಮಕ್ಕಳು ಮಳೆ ಬಿಸಿಲೆನ್ನದೆ ಕಾಡಿನಲ್ಲೇ ಆಡುವ ತನ್ನದೇ ಶಿಶುವಿಹಾರವನ್ನು ಅವಳು ಅಲ್ಲಿ ತೆರೆದಳು. ಶನಿವಾರ ಅಪ್ಪ ಅಮ್ಮಂದಿರ ಸಮೇತ ಮಕ್ಕಳು ಬರುತ್ತಿದ್ದರು, ವಾರದ ದಿನಗಳಲ್ಲಿ ಮಕ್ಕಳು ಮಾತ್ರ. ಬೆಳಗ್ಗೆ ಕೈಯಲ್ಲಿ ಫೋನು ಹಿಡಿದು ಕೊಟ್ಟಿಗೆಗೆ ಬಂದ ಅರಸನ ಹಾಗೆ ಮೂಗು ಮುರಿದು ನಿಲ್ಲುತ್ತಿದ್ದ ಅಪ್ಪಂದಿರು, ಮಧ್ಯಾಹ್ನದ ಹೊತ್ತಿಗೆ ಮೊಣಕಾಲುದ್ದ ಕೆಸರಿನಲ್ಲಿ ತೊರೆಗೆ ಅಣೆ ಕಟ್ಟುತ್ತ, ಕಲ್ಲು ಎತ್ತಿಕೊಡಲಿಲ್ಲವೆಂದು ಮಕ್ಕಳ ಮೇಲೆ ರೇಗುತ್ತಿದ್ದರು. ಕ್ವೆತಾ ಗಸಗಸೆ ತುಂಬಿದ ಬನ್ನು ಹಂಚುತ್ತ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಊರಿನ ಮಕ್ಕಳಿಗೆಲ್ಲ ಅವಳು ಅತ್ತೆಯಾದಳು. ಗಂಡ ತೀರಿಕೊಂಡ ವರ್ಷವೂ ಬಂಡಿಯ ಬಾಗಿಲು ಒಂದು ವಾರಕ್ಕಿಂತ ಹೆಚ್ಚು ಮುಚ್ಚಲಿಲ್ಲ.

ಅವಳು ಕಲಿಸಿದ ಆಟಗಳಲ್ಲೆಲ್ಲ ಹೆಸರಾದದ್ದು ಸುಮ್ಮನೆ ಕೂರುವ ಆಟ. ತಿಂಡಿಯಾದ ಮೇಲೆ ಪ್ರತಿ ಮಗುವೂ ತನ್ನದೇ ಒಂದು ಮರದ ಬುಡಕ್ಕೆ ಹೋಗಿ ಕೂರಬೇಕು. ಮಾತಿಲ್ಲ. ಮರಕುಟಿಗ ಕುಟ್ಟುವುದು, ಇರುವೆ ನಡೆಯುವುದು, ಎಲ್ಲ ಕೇಳಿಸಿಕೊಳ್ಳಬೇಕು. ಕ್ವೆತಾ ಎರಡು ಕೈ ಬೊಗಸೆ ಮಾಡಿ ಗೂಬೆಯ ಹಾಗೆ ಊದಿದಾಗಲೇ ಏಳಬೇಕು. ಮಾತು ಬೆಳ್ಳಿ, ಮೌನ ಬಂಗಾರ ಎನ್ನುವುದು ಅವಳ ಅಜ್ಜಿಯ ಮಾತು. ದೊಡ್ಡ ಹುಡುಗರು ಚಿಕ್ಕವರನ್ನು ಸೋಲಿಸಲು ಮರದ ಹಿಂದಿನಿಂದ ಹೆಸರು ಹಿಡಿದು ಕೂಗತೊಡಗಿದ ಮೇಲೆ ಅವಳು ಇನ್ನೊಂದು ನಿಯಮ ಸೇರಿಸಿದಳು: ಯಾರು ಕೂಗಿದರೂ ಓಗೊಡಬಾರದು. ಅತ್ತೆಯ ಗೂಬೆ ಕೂಗಬೇಕು, ಅಷ್ಟೇ.

ಅಮಾಲ್ಕಾ ಬಂದದ್ದು ಬಂಡಿ ಶುರುವಾದ ಹದಿಮೂರನೆಯ ವರ್ಷ. ನಾಲ್ಕೂವರೆ ವರ್ಷದ ವಾಚಾಳಿ. ಒಂದು ಶೂ ಕಟ್ಟಿಕೊಳ್ಳುವಷ್ಟರಲ್ಲಿ ಮೂವತ್ತು ಪ್ರಶ್ನೆ ಕೇಳುತ್ತಿದ್ದಳು. ತಾಯಿ ರೆನಾತಾ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಮಗಳನ್ನು ಬಿಡಲು ಬಂದರೆ ಕ್ವೆತಾಳ ಜೊತೆ ಒಂದು ಲೋಟ ಚಹಾ ಕುಡಿಯದೆ ಹೋಗುತ್ತಿರಲಿಲ್ಲ. ವಯಸ್ಸಿನಲ್ಲಿ ಇಪ್ಪತ್ತೈದು ವರ್ಷ ಅಂತರವಿದ್ದರೂ ಇಬ್ಬರಲ್ಲೂ ನೀನು ಎಂದು ಏಕವಚನದಲ್ಲೇ ಮಾತಾಡುವ ಸಲಿಗೆ.

ಸುಮ್ಮನೆ ಕೂರುವ ಆಟದಲ್ಲಿ ಪ್ರತಿದಿನ ಮೊದಲು ಸೋಲುತ್ತಿದ್ದವಳು ಅಮಾಲ್ಕಾ. ನವೆಂಬರಿನ ಆ ಗುರುವಾರ ಅವಳು ಕ್ವೆತಾಳ ಕೋಟಿನ ತುದಿ ಹಿಡಿದು ಬಂದಳು.

"ಅತ್ತೆ, ಇವತ್ತು ನಾನೇ ಗೆಲ್ಲೋದು. ನಂಗೆ ಬೇರೆ ಜಾಗ ಬೇಕು. ಅಲ್ಲಿ ಬಿದ್ದಿದೆಯಲ್ಲ ಮರ, ಅದರ ಬೇರಿನ ಹಿಂದೆ. ಇಲ್ಲಾಂದ್ರೆ ಎಲ್ರೂ ನನ್ನ ನಗಿಸ್ತಾರೆ."

ಕಣ್ಣಿಗೆ ಕಾಣುವಲ್ಲಿಯೇ ಕೂರಬೇಕೆಂಬುದು ಕ್ವೆತಾಳದೇ ಕಟ್ಟುನಿಟ್ಟು. ಅವತ್ತು ಮಂಜು ಬೇರೆ. ಆದರೂ ಆ ಮುಖ ನೋಡಿ ಅವಳ ಮನಸ್ಸು ಕರಗಿತು. "ಹೋಗು, ಗೆದ್ದು ತೋರ್ಸು" ಎಂದಳು.

ಐದು ನಿಮಿಷವಾಗಿರಲಿಲ್ಲ, ಒಬ್ಬ ಹುಡುಗ ದಿಮ್ಮಿಯ ಮೇಲಿಂದ ಜಾರಿ ಹುಬ್ಬು ಒಡೆದುಕೊಂಡ. ಮುಖವೆಲ್ಲ ರಕ್ತ. ಕ್ವೆತಾ ಅವನನ್ನು ಎತ್ತಿಕೊಂಡು ರಸ್ತೆಯ ಕಡೆ ಓಡುತ್ತಲೇ ಸಹಾಯಕಿ ಇಲೊನಾಳಿಗೆ ಕೂಗಿ ಹೇಳಿದಳು: "ಉಳಿದೋರ್ನ ಬಂಡಿಗೆ ಕರ್ಕೊಂಡು ಹೋಗು!" ಗೂಬೆಯ ಕೂಗು ಯಾರಿಗೂ ನೆನಪಾಗಲಿಲ್ಲ. ರಕ್ತ ಕಂಡು ಮಕ್ಕಳೆಲ್ಲ ತಾವಾಗಿಯೇ ಎದ್ದು ಬಂದಿದ್ದರು. ಹನ್ನೆರಡರಲ್ಲಿ ಹತ್ತು ಜನ. ಬಿದ್ದವನೊಬ್ಬ, ಇನ್ನು ಅಮಾಲ್ಕಾ ಎಂದಿನಂತೆ ಅತ್ತೆಯ ಬಾಲ ಹಿಡಿದೇ ಹೋಗಿರಬೇಕೆಂದುಕೊಂಡಳು ಇಲೊನಾ. ಅತ್ತ ಆಸ್ಪತ್ರೆಯಲ್ಲಿ ಕ್ವೆತಾ, ಎಲ್ಲರೂ ಇಷ್ಟು ಹೊತ್ತಿಗೆ ಬಂಡಿಯಲ್ಲಿ ಬಿಸಿ ಸಾರು ಕುಡಿಯುತ್ತಿರುತ್ತಾರೆಂದುಕೊಂಡಳು.

ಮಧ್ಯಾಹ್ನ ರೆನಾತಾ ಬಂದಾಗ ಮಗಳು ಆಸ್ಪತ್ರೆಗೆ ಹೋಗಿದ್ದಾಳೆಂದು ಇಲೊನಾ ಹೇಳಿದಳು. ಕ್ವೆತಾಳ ಫೋನು ಬಂಡಿಯ ಗೂಟಕ್ಕೆ ನೇತಾಡುತ್ತಿತ್ತು. ಆಸ್ಪತ್ರೆಯವರು ಅವಳನ್ನು ಹುಡುಕಿ ತಮ್ಮ ಫೋನು ಕೊಟ್ಟಾಗ ಎರಡು ಗಂಟೆ ದಾಟಿತ್ತು.

"ಅಮಾಲ್ಕಾ ನಿನ್ನ ಹತ್ರ ಇದಾಳೆ ತಾನೆ?" ಎಂದಿತು ರೆನಾತಾಳ ದನಿ.

ಬಿದ್ದ ಮರದ ಬೇರಿನ ಹಿಂದೆ ನೋಡು ಎಂದಷ್ಟೇ ಹೇಳಿ, ಕ್ವೆತಾ ಸಿಕ್ಕಿದ ಕಾರು ಹತ್ತಿದಳು. ನಮ್ಮ ಕಾಡಿನಲ್ಲಿ ಹುಳ ಹಿಡಿದು ಬಿದ್ದ ಸ್ಪ್ರೂಸ್ ಮರಗಳು ಒಂದೆರಡಲ್ಲ, ನೂರಿನ್ನೂರು. ಅವಳು ಬಂದು ಇಳಿಯುವಾಗ ನಾಲ್ಕು ಗಂಟೆ. ಮಂಜಿನೊಳಗೆ ಬೆಳಕು ಸಾಯುತ್ತಿತ್ತು. ಊರಿನ ಅಗ್ನಿಶಾಮಕ ಪಡೆಯ ಸ್ವಯಂಸೇವಕರು, ಹೆಂಗಸರು, ಮುದುಕರು, ನಲವತ್ತು ಜನ ಒಂದೇ ಸಮನೆ ಕೂಗುತ್ತಿದ್ದರು. ಅಮಾಲ್ಕಾ! ಅಮಾಲ್ಕಾ!

ಆಗ ಹೊಳೆಯಿತು ಅವಳಿಗೆ. ಇವರು ಕೂಗಿದಷ್ಟೂ ಆ ಮಗು ಬಾಯಿ ಬಿಗಿ ಹಿಡಿಯುತ್ತದೆ.

"ಕೂಗ್ಬೇಡಿ! ಎಲ್ರೂ ಬಾಯಿ ಮುಚ್ಕೊಳ್ಳಿ!" ಎಂದು ಕಿರುಚಿದಳು. ಜನ ಅವಳಿಗೆ ತಲೆ ಕೆಟ್ಟಿತೆಂದುಕೊಂಡರು. ಬೊಗಸೆ ಕಟ್ಟಿ ಊದಿದಳು. ಒಣಗಿದ ಬಾಯಿಯಿಂದ ಗಾಳಿ ಬಿಟ್ಟು ಬೇರೇನೂ ಬರಲಿಲ್ಲ. ಎರಡನೆಯ ಸಲವೂ ಇಲ್ಲ. ಮೂರನೆಯ ಸಲ ಒಂದು ಒಡಕು ಕೂಗು ಹೊರಟಿತು.

ಪಡೆಯ ಮುಖಂಡ ಬೊಹೌಷ್ ನಿಂತಿದ್ದ ಜಾಗದಿಂದ ಹದಿನೈದು ಹೆಜ್ಜೆ ಆಚೆ, ಬೇರು ಮಣ್ಣುಗಳ ಗೋಡೆಯ ಹಿಂದಿನಿಂದ ಅಮಾಲ್ಕಾ ಎದ್ದು ನಿಂತಳು. ತುಟಿ ನೀಲಿಯಾಗಿತ್ತು. ಪ್ಯಾಂಟು ಒದ್ದೆಯಾಗಿತ್ತು. ಹಲ್ಲು ಕಟಕಟ ಕಡಿಯುತ್ತ ನಕ್ಕಳು.

"ಅತ್ತೆ, ನಾನು ಮಾತಾಡ್ಲೇ ಇಲ್ಲ. ಎಲ್ರೂ ಎಷ್ಟು ಕೂಗಿದ್ರು ಗೊತ್ತಾ? ಅಮ್ಮನೂ ಕೂಗಿದ್ಲು. ನಾನು ಮಾತಾಡ್ಲೇ ಇಲ್ಲ. ನಾನು ಗೆದ್ದೆ ಅಲ್ವಾ?"

ರೆನಾತಾ ಮಗಳನ್ನು ಬಾಚಿಕೊಂಡು ಹೊರಟುಹೋದಳು. ತಿರುಗಿ ನೋಡಲಿಲ್ಲ.

ಹತ್ತು ದಿನ ಜ್ವರ ಬಂದು ಹೋಯಿತು. ಮಗು ಉಳಿಯಿತು. ಊರಿನವರು ಕ್ವೆತಾಳನ್ನು ಸಮಾಧಾನ ಮಾಡಿದ್ದೇ ಮಾಡಿದ್ದು. ಬೊಹೌಷ್ ಅವಳ ಜೊತೆ ಶಾಲೆಗೆ ಹೋದವನು, ಒಂದು ಶೀಶೆ ಪ್ಲಮ್ಮಿನ ಸಾರಾಯಿ ಹಿಡಿದು ಮನೆಗೇ ಬಂದ.

"ಲೇ ಕ್ವೆತಾ, ಮಗು ಗುಂಡುಕಲ್ಲಿನ ಹಾಗಿದೆ. ನೀನ್ಯಾಕೆ ಹೆಣ ಕಾಯೋಳ ಥರ ಕೂತಿದೀಯ? ಏನೂ ಆಗಿಲ್ಲ ಕಣೆ. ಕುಡಿ."

"ನೀನು ಹದಿನೈದು ಹೆಜ್ಜೇಲಿ ನಿಂತು ಕೂಗಿದೀಯ ಬೊಹೌಷ್. ಅವಳು ನಿನ್ನ ಬೂಟು ನೋಡ್ತಾ ಕೂತಿದ್ಲು."

ಬೊಹೌಷ್ ಇಬ್ಬರ ಪಾಲನ್ನೂ ತಾನೇ ಕುಡಿದು ಎದ್ದುಹೋದ.

ಬಂಡಿಗೆ ಬೀಗ ಹಾಕಿದ್ದು ಅವಳೇ, ಯಾರೂ ಹಾಕಿಸಲಿಲ್ಲ. ಆದರೆ ಕಾಡು ಅವಳನ್ನು ಬಿಡಲಿಲ್ಲ. ಒಲೆಗೆ ಕಡ್ಡಿ ಆಯಲು ಹೋದರೆ ಒಂದೊಂದು ಬೊಡ್ಡೆಯ ಮೇಲೂ ಯಾರೋ ಕೂತ ಹಾಗೆ. ಹತ್ತಿರ ಹೋದರೆ ಪಾಚಿ, ದರಗು. ಮುಟ್ಟಿ ನೋಡಿದ ಹೊರತು ಮುಂದೆ ಹೋಗಲು ಆಗುತ್ತಿರಲಿಲ್ಲ. ಸತ್ತವರು ಬಂದು ಕಾಡಿದರೆ ಪಾದ್ರಿಯನ್ನಾದರೂ ಕರೆಸಬಹುದು. ಬದುಕಿ, ಅನ್ನ ಉಂಡು, ಪೇಟೆಯ ಶಿಶುವಿಹಾರಕ್ಕೆ ಹೋಗುತ್ತಿರುವ ಮಗು ಕಾಡಿದರೆ ಯಾರನ್ನು ಕರೆಯುವುದು? ಪೇಟೆಯಲ್ಲಿ ಎದುರಾದ ಒಂದು ದಿನ ರೆನಾತಾ "ಚೆನ್ನಾಗಿದೀರಾ?" ಎಂದಳು. ಆ ಬಹುವಚನ ಕಪಾಳಕ್ಕೆ ಹೊಡೆದಂತೆ ಬಿತ್ತು.

ಏಪ್ರಿಲಿನಲ್ಲಿ ಅದೇ ರೆನಾತಾ ಅವಳ ಬಾಗಿಲು ತಟ್ಟಿದಳು. ಒಳಗೆ ಬಂದು ಕೂರಲಿಲ್ಲ.

"ಶಿಶುವಿಹಾರದಲ್ಲಿ ಎಲ್ರೂ ಅಮಾಲ್ಕಾನ ಹೊಗಳ್ತಾರೆ," ಎಂದಳು. "ಎಷ್ಟು ಒಳ್ಳೆ ಮಗು, ಹೇಳಿದ ಮಾತು ಕೇಳ್ತಾಳೆ ಅಂತ. ಕೂತ್ಕೋ ಅಂದ್ರೆ ಕೂತ್ಕೋತಾಳೆ, ಏಳು ಅನ್ನೋವರ್ಗೂ ಏಳಲ್ಲ. ಮೊನ್ನೆ ಊಟ ಆದ್ಮೇಲೆ ನಾನು ಫೋನಲ್ಲಿದ್ದೆ. ಒಂದು ಗಂಟೆ ಆದ್ಮೇಲೆ ನೋಡ್ತೀನಿ, ಖಾಲಿ ತಟ್ಟೆ ಮುಂದೆ ಹಾಗೇ ಕೂತಿದಾಳೆ. ಯಾಕಮ್ಮಾ ಅಂದ್ರೆ, ನೀನು ಏಳು ಅನ್ಲಿಲ್ಲ ಅಂತಾಳೆ. ಒಂದು ಪ್ರಶ್ನೆ ಕೇಳಲ್ಲ ಈಗ. ಒಂದೂ ಇಲ್ಲ."

ಕ್ವೆತಾ ಒಂದು ಕುರ್ಚಿ ಎಳೆದು ಬಾಗಿಲ ಬಳಿ ಇಟ್ಟಳು.

"ನೀವು ಕಲಿಸಿದ್ದು," ಎಂದಳು ರೆನಾತಾ. "ನೀವೇ ಬಿಡಿಸಿ."

ಹೀಗೆ ಬುಧವಾರ, ಶನಿವಾರ ಮೂವರೂ ಕಾಡಿಗೆ ಹೊರಟರು. ಮಾತು ಬಾರದ ಕಂದನಿಗೆ ಮಾತು ಕಲಿಸಬಹುದು; ಹೇಳಿದ ಮಾತು ಕೇಳುವ ಮಗುವಿಗೆ ಕೇಳಬೇಡ ಎಂದು ಕಲಿಸುವುದು ಹೇಗೆ? "ಇವತ್ತು ನನ್ನ ಮಾತು ಕೇಳ್ಲೇಬಾರ್ದು, ಗೊತ್ತಾಯ್ತಾ?" ಎಂದು ಕ್ವೆತಾ ಹೇಳಿದಳು. "ಆಯ್ತು ಅತ್ತೆ," ಎಂದಿತು ಮಗು, ಕೈಕಟ್ಟಿಕೊಂಡು. ನಗಬೇಕೋ ಅಳಬೇಕೋ ತಿಳಿಯದೆ ದೊಡ್ಡವರಿಬ್ಬರೂ ಬೇರೆ ಬೇರೆ ಕಡೆ ನೋಡಿದರು. ಮರ ಹತ್ತು ಎಂದರೆ ಹತ್ತುತ್ತಿದ್ದಳು, ಇಳಿ ಎಂದರೆ ಇಳಿಯುತ್ತಿದ್ದಳು. ಕೊನೆಗೆ ಕ್ವೆತಾ ಏನನ್ನೂ ಹೇಳುವುದನ್ನೇ ಬಿಟ್ಟಳು. ಸುಮ್ಮನೆ ತೊರೆಯಲ್ಲಿ ಕಲ್ಲು ಜೋಡಿಸುತ್ತ ಕೂತಳು. ಎರಡು ವಾರ ಕಳೆದ ಮೇಲೆ ರೆನಾತಾಳೂ ಬೂಟು ಕಳಚಿ ನೀರಿಗಿಳಿದಳು. ಮೇ ಮುಗಿಯಿತು. ಅಮಾಲ್ಕಾ ದಡದಲ್ಲಿ ನಿಂತು ನೋಡುತ್ತಿದ್ದಳು. ಆಮೇಲೊಂದು ದಿನ, ಯಾರೂ ಕರೆಯದೆ, ಒಂದು ಕಲ್ಲು ತಂದು ಕೊಟ್ಟಳು. ಆ ಬುಧವಾರ ಕ್ವೆತಾ ಮನೆಗೆ ಹೋಗಿ ಹಸಿದವಳಂತೆ ಉಂಡಳು.

ಜೂನ್ ಕೊನೆಯ ಶನಿವಾರ ಗುಡುಗು ಮಳೆ ಕಳೆದು ಕಾಡಿಗೆಲ್ಲ ಮಂಜು ಕವಿದಿತ್ತು. ರೆನಾತಾ ಒದ್ದೆ ಬಟ್ಟೆಗಳ ಗಂಟು ಹೊತ್ತು ಕಾರಿನ ಕಡೆ ಹೋಗಿದ್ದಳು. ಅಮಾಲ್ಕಾ ತೊರೆಯ ಆಚೆ ಕೆಸರು ತಟ್ಟುತ್ತಿದ್ದಳು.

"ಹೊರಡೋಣ ಬಾ ಪುಟ್ಟಿ," ಎಂದಳು ಕ್ವೆತಾ.

"ಬರಲ್ಲ."

ಕ್ವೆತಾ ತನ್ನ ಕಿವಿಯನ್ನು ನಂಬಲಿಲ್ಲ. "ಏನಂದೆ?"

"ಬರಲ್ಲ ಅಂದೆ! ನನ್ನ ಕೆಲಸ ಮುಗಿದಿಲ್ಲ!" ಎಂದು ಕಿರುಚಿ, ಕೋಲು ಎತ್ತಿಕೊಂಡು ಮರಗಳ ನಡುವೆ ಓಡಿದಳು. ಹಳದಿ ಅಂಗಿ ಒಮ್ಮೆ ಕಂಡಿತು, ಆಮೇಲೆ ಬಿಳಿ ಮಂಜು.

ತಿಂಗಳುಗಟ್ಟಲೆ ಕ್ವೆತಾ ಬೇಡಿಕೊಂಡ ಮಾತು ಅದೇ. ಬಂದ ಕೂಡಲೇ ಅವಳ ಜೀವ ಬಾಯಿಗೆ ಬಂತು. ಕೂಗಲು ಬಾಯಿ ತೆರೆದಳು. ಕೂಗಿದರೆ ಮತ್ತೆ ಅದೇ ಮಗು, ಹೇಳಿದ್ದು ಕೇಳುವ ಮಗು, ತಲೆ ತಗ್ಗಿಸಿಕೊಂಡು ಬರುತ್ತದೆ. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಒದ್ದೆ ಹುಲ್ಲಿನ ಮೇಲೆ ಕೂತಳು. ಕೊಂಬೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಬೇರೆ ಸದ್ದಿಲ್ಲ. ಎಷ್ಟು ಹೊತ್ತು ಹಾಗೆ ಕೂತಿದ್ದಳೋ ಅವಳಿಗೆ ತಿಳಿಯದು. ಚಳಿ ಬೆನ್ನು ಹತ್ತಿತು. ಕಾಯುವುದೆಂದರೆ ಏನೆಂದು ಮೈಗೆ ಗೊತ್ತಾಯಿತು.

ಕಡೆಗೆ ಒಣ ಕಡ್ಡಿ ಮುರಿಯಿತು. ಅಮಾಲ್ಕಾ ಬಂದು ಎದುರಿಗೆ ನಿಂತಳು. ಮುಖ ಕೆಂಪೇರಿತ್ತು, ಕೋಪದಿಂದ ಮೂಗಿನ ಹೊಳ್ಳೆ ಅದುರುತ್ತಿತ್ತು.

"ಅತ್ತೆ, ಅವತ್ತು ನೀನು ಯಾಕೆ ಬರ್ಲಿಲ್ಲ? ನಂಗೆ ಚಳಿ ಆಗಿತ್ತು. ನಂಗೆ ಉಚ್ಚೆ ಆಗೋಯ್ತು. ನಾನು ಕಾಯ್ತಾನೇ ಇದ್ದೆ."

ಏಳು ತಿಂಗಳು ಊರೆಲ್ಲ ಏನೂ ಆಗಿಲ್ಲ ಎಂದಿತ್ತು. ಹುಡುಗನ ರಕ್ತ, ಇಲೊನಾಳ ಲೆಕ್ಕ, ಗೂಟದಲ್ಲಿದ್ದ ಫೋನು, ಹೇಳಲು ಕಾರಣ ಬೇಕಾದಷ್ಟಿದ್ದವು. ಕ್ವೆತಾ ಯಾವುದನ್ನೂ ಹೇಳಲಿಲ್ಲ.

"ನಿನ್ನ ಮರ್ತುಬಿಟ್ಟಿದ್ದೆ ಪುಟ್ಟಿ," ಎಂದಳು.

ಮಗು ಕೋಲನ್ನು ನೆಲಕ್ಕೆ ಬಡಿಯಿತು.

"ಮರೀಬಾರ್ದಿತ್ತು."

"ಮರೀಬಾರ್ದಿತ್ತು," ಎಂದಳು ಕ್ವೆತಾ.